ಹಣೆಯ ಅಳತೆ

ಸಾಗರದ ಗುಡಿಗಾರರು ಅಂದ ಕೂಡಲೇ ಜನ ಶ್ರೀಗಂಧ ಎನ್ನುತ್ತಾರೆ. ತಪ್ಪೇನಿಲ್ಲ. ಗಂಧದ ಪೆಟ್ಟಿಗೆ, ಅಂಗೈಯಗಲದ ಗಣಪತಿ, ಗಂಧದ ಹೆರೆಯಿಂದ ಮಾಡಿದ ಹಾರ, ಇವೆಲ್ಲ ಸಾಗರ ಸೊರಬಗಳಿಂದ ಹೊರಟು ಬೆಂಗಳೂರಿನ ಕಾವೇರಿ ಎಂಪೋರಿಯಂ ಹಾದು ಎಲ್ಲೆಲ್ಲಿಗೋ ಹೋಗಿವೆ. ಆದರೆ ಹೆಗ್ಗೋಡು ಸುತ್ತಿನ ನಮ್ಮ ಹಳ್ಳಿಗಳಲ್ಲಿ ಗಂಧದ ಪೆಟ್ಟಿಗೆ ಕೊಂಡು ಮನೆಯಲ್ಲಿಟ್ಟುಕೊಂಡವರು ಎಷ್ಟು ಮಂದಿ? ನಮಗೂ ಗುಡಿಗಾರರಿಗೂ ಇದ್ದ ನಂಟು ಗಂಧದ್ದಲ್ಲ, ಬೆಂಡಿನದು. ಮದುವೆ ನಿಶ್ಚಯವಾಯಿತೆಂದರೆ ಪುರೋಹಿತರಿಗೆ, ಅಡುಗೆಯವರಿಗೆ, ವಾಲಗದವರಿಗೆ ಹೇಳುವ ಹಾಗೆಯೇ ಬಾಸಿಂಗಕ್ಕೂ ಹೇಳಿ ಬರಬೇಕಿತ್ತು. ಹೇಳುವುದು ಗುಡಿಗಾರರ ಮನೆಯಲ್ಲಿ.

ಬಾಸಿಂಗವನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಮದುಮಕ್ಕಳ ಹಣೆಗೆ ಕಟ್ಟುವ ಅಲಂಕಾರ, ಗಂಡಿನದು ದೊಡ್ಡದು, ಹೆಣ್ಣಿನದು ಚಿಕ್ಕದು. ಆದರೆ ಈಗಿನ ಹುಡುಗರು ಕಂಡಿರುವುದು ಥರ್ಮೋಕೋಲಿನ ಮೇಲೆ ಬಂಗಾರದ ಬಣ್ಣದ ಹಾಳೆ ಅಂಟಿಸಿ, ಪ್ಲಾಸ್ಟಿಕ್ ಮುತ್ತು ಪೋಣಿಸಿದ ಬಾಸಿಂಗವನ್ನು. ಅದೂ ಬಾಸಿಂಗವೇ, ಇಲ್ಲವೆನ್ನಲು ನಾನ್ಯಾರು. ನಾನು ಹೇಳಹೊರಟಿರುವುದು ಬೆಂಡಿನ ಬಾಸಿಂಗದ ಸಂಗತಿ, ಮತ್ತು ಅದನ್ನು ಮಾಡುತ್ತಿದ್ದವರದು.

ಗುಡಿಗಾರರು ಮೂಲದಲ್ಲಿ ಇಲ್ಲಿಯವರಲ್ಲ. ಗೋವೆಯಿಂದ ಬಂದವರು ಎಂದು ಅವರ ಹಿರಿಯರು ಹೇಳುತ್ತಾರೆ, ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೂ ಅದೇ ಮಾತಿದೆ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಮುಂದಿನ ದಶಕಗಳಲ್ಲಿ ಅಲ್ಲಿ ದೇವಸ್ಥಾನಗಳು ಒಂದೊಂದಾಗಿ ನೆಲ ಕಂಡಾಗ, ದೇವಸ್ಥಾನವನ್ನೇ ನಂಬಿದ್ದ ಕಸುಬಿನವರು ಅಲ್ಲಿ ಉಳಿದು ಮಾಡುವುದೇನು? ಕರಾವಳಿ ಹಿಡಿದು ಕೆಳಗೆ ಬಂದರು. ಘಟ್ಟ ಹತ್ತಿದವರಿಗೆ ಕೆಳದಿ ಅರಸರ ಸೀಮೆ ಸಿಕ್ಕಿತು. ಮರಕ್ಕೆ ಬರವಿಲ್ಲ, ದೇವರಿಗೆ ಬರವಿಲ್ಲ, ಕಟ್ಟಿಸುವ ದೊರೆಗಳೂ ಇದ್ದರು. ಕುಮಟಾ, ಸಿದ್ದಾಪುರ, ಶಿರಸಿ, ಸೊರಬ, ಸಾಗರ ಎಂದು ಅವರು ನೆಲೆನಿಂತ ಊರುಗಳ ಹೆಸರು ಹೇಳುತ್ತಾ ಹೋದರೆ ಆ ಕಾಲದ ದಾರಿಯೇ ಕಣ್ಣಿಗೆ ಕಟ್ಟುತ್ತದೆ.

ಹೀಗೆ ಬಂದವರು ಗುಡಿಯ ತೇರು ಕೆತ್ತಿದರು, ಮರದ ದೇವರಿಗೆ ಬಣ್ಣ ಹಚ್ಚಿದರು, ಯಕ್ಷಗಾನದ ಕಿರೀಟಕ್ಕೆ ಬೇಗಡೆ ಹಚ್ಚಿದರು. ಜೊತೆಗೆ, ಊರಿನ ಮದುಮಗಳು ಹಸೆಮಣೆಯ ಮೇಲೆ ಹೇಗೆ ಕಾಣಬೇಕು ಎಂಬುದನ್ನೂ ಅವರೇ ತೀರ್ಮಾನಿಸಿದರು. ಇದು ನನಗೆ ಯಾವತ್ತೂ ಸೋಜಿಗ. ಹೊರಗಿನಿಂದ ಬಂದವನಿಗೆ ನಾವು ಪಂಕ್ತಿಯಲ್ಲಿ ಎಲೆ ಹಾಕುವ ಮೊದಲು ನೂರು ವಿಚಾರ ಮಾಡುವವರು. ಅಂಥವರು ಮನೆಮಗಳ ಹಣೆಯನ್ನು ಅವರ ಕೈಗೊಪ್ಪಿಸಿದ್ದೆವು, ಆಮೇಲೆ ಅದನ್ನೇ ನಮ್ಮ ತಲೆತಲಾಂತರದ ಸಂಪ್ರದಾಯ ಎಂದೆವು. ಬೇರೆ ಕಡೆಯೂ ಹೀಗೇ ಇರಬೇಕು. ಪ್ಯಾರಿಸ್ಸಿನ ಫ್ಯಾಷನ್ನಿಗೆ ಅಡಿಗಲ್ಲು ಹಾಕಿದ ಚಾರ್ಲ್ಸ್ ವರ್ತ್ ಎಂಬಾತ ಇಂಗ್ಲೆಂಡಿನಿಂದ ಹೋದವನು. 1858ರಲ್ಲಿ ಅಲ್ಲಿ ಅಂಗಡಿಯಿಟ್ಟು ರಾಣಿಯರಿಗೆ ಉಡುಪು ಹೊಲಿದ. ಅಮೆರಿಕದ ಅಧ್ಯಕ್ಷರ ಮಡದಿಯರಿಗೂ, ಸಿರಿವಂತರ ಮನೆಯ ಮದುಮಗಳಂದಿರಿಗೂ ಗೌನು ಮಾಡಿಕೊಟ್ಟ ಆಸ್ಕರ್ ಡಿ ಲಾ ರೆಂಟಾ ಹುಟ್ಟಿದ್ದು ಡೊಮಿನಿಕನ್ ರಿಪಬ್ಲಿಕ್ ಎಂಬ ಪುಟ್ಟ ದೇಶದಲ್ಲಿ. ಅವರಿಗೆಲ್ಲ ಡಿಸೈನರ್ ಎಂಬ ಹೆಸರಿದೆ, ಬಟ್ಟೆಯ ಮೇಲೆ ಅವರ ಹೆಸರಿನ ಪಟ್ಟಿಯಿದೆ. ಸಾಗರದ ಬಾಸಿಂಗದ ಹಿಂಬದಿಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ.

ಬೆಂಡು ಕೆರೆಯ ಗಿಡ. ನಿಂತ ನೀರಿನಲ್ಲಿ, ಗದ್ದೆಯಂಚಿನ ಜೌಗಿನಲ್ಲಿ ತಾನಾಗಿ ಬೆಳೆಯುತ್ತದೆ. ಎಲೆ ಸಣ್ಣದು, ಮುಟ್ಟಿದರೆ ಮುನಿಯ ಗಿಡದ ಎಲೆಯ ಹಾಗೆ. ನೀರು ಏರಿದಂತೆ ಕಾಂಡವೂ ಏರಿ ದಪ್ಪಗಾಗುತ್ತದೆ. ಮಳೆಗಾಲ ಮುಗಿದ ಮೇಲೆ ಕೆರೆಗಿಳಿದು ಕೊಯ್ದು, ಹೊರೆ ಕಟ್ಟಿ ತಂದು ಒಣಗಿಸುತ್ತಾರೆ. ಕಂದು ಸಿಪ್ಪೆ ಹೆರೆದರೆ ಒಳಗೆ ಅಚ್ಚ ಬಿಳಿ ತಿರುಳು. ತೂಕವೇ ಇಲ್ಲ. ಮೀನಿನ ಗಾಳಕ್ಕೆ ತೇಲು ಕಟ್ಟುವುದು ಇದನ್ನೇ, ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದದ್ದೂ ಇದನ್ನೇ. ಬಿಳಿಯ ಸಾಹೇಬರು ಬಿಸಿಲಿಗೆ ಹೆದರಿ ತಲೆಗೆ ಹಾಕಿಕೊಳ್ಳುತ್ತಿದ್ದ ಸೋಲಾ ಟೋಪಿಯೂ ಬೆಂಡಿನದೇ. ದೊರೆಯ ತಲೆಗೂ ಮದುಮಗನ ಹಣೆಗೂ ಒಂದೇ ಕೆರೆಯ ಗಿಡ ಆಗಿಬಂದಿತ್ತು.

ಅದನ್ನು ಕತ್ತರಿಸುವುದನ್ನು ಕೂತು ನೋಡಬೇಕು. ಉದ್ದನೆಯ ತೆಳು ಅಲಗಿನ ಕತ್ತಿ, ಮಸೆದೂ ಮಸೆದೂ ಸವೆದದ್ದು. ಬೆಂಡಿನ ತುಂಡನ್ನು ಎಡಗೈಯಲ್ಲಿ ಉರುಳಿಸುತ್ತಾ ಹೋದರೆ ಅಲಗಿನ ಕೆಳಗಿನಿಂದ ಬಿಳಿ ಹಾಳೆ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಅತ್ತಲಿಂದ ಬೆಳಕು ಕಾಣಿಸುವಷ್ಟು ತೆಳು. ಕೈ ಒಂದಿಷ್ಟು ಬಿಗಿಯಾದರೆ ಹಾಳೆ ಹರಿಯಿತು, ಸಡಿಲವಾದರೆ ದಪ್ಪವಾಯಿತು. ಆ ಹಾಳೆಯನ್ನು ಮಡಚಿ, ಕತ್ತರಿಸಿ, ನೂಲಿನಿಂದ ಬಿಗಿದರೆ ಮಲ್ಲಿಗೆ ಮೊಗ್ಗು. ಅಂಚನ್ನು ಬೆರಳಿನಿಂದ ಒತ್ತಿ ಹೊರಳಿಸಿದರೆ ಸೇವಂತಿಗೆ. ಸಣ್ಣ ಚೂರುಗಳನ್ನು ಕೆಂಪಿಗೆ, ಹಸಿರಿಗೆ, ಅರಿಸಿನಕ್ಕೆ ಅದ್ದಿ ನೆರಳಿನಲ್ಲಿ ಆರಿಸುತ್ತಿದ್ದರು. ಬೆಂಡು ಬಣ್ಣವನ್ನು ತಕ್ಷಣ ಕುಡಿಯುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಮೆತ್ತಗಾಗಿ ಕೆಡುತ್ತದೆ. ಹಿಂಬದಿಗೆ ರಟ್ಟು, ಮುಂಬದಿಗೆ ಬೇಗಡೆ, ನಡುವೆ ಸಣ್ಣ ಕನ್ನಡಿ ಚೂರು, ಸುತ್ತ ಬೆಂಡಿನ ಹೂವು. ಎರಡೂ ತುದಿಗೆ ಕಟ್ಟಲು ದಾರ. ಸಾಮಗ್ರಿಯ ಲೆಕ್ಕ ಹಾಕಿದರೆ ಇಷ್ಟೇ.

ಮಳೆಗಾಲದಲ್ಲಿ ಮಲೆನಾಡಿನ ಥಂಡಿಗೆ ಬೆಂಡೂ ಒದ್ದೆ, ಅಂಟೂ ಒದ್ದೆ. ಆದ್ದರಿಂದ ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಈ ಕೆಲಸವೂ ಶುರುವಾಗಿ ಮುಂದಿನ ಮಳೆ ಬೀಳುವವರೆಗೆ ನಡೆಯುತ್ತಿತ್ತು. ನಮ್ಮ ಮದುವೆಗಳೂ ಹೇಗಿದ್ದರೂ ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮೇಲೆಯೇ.

ನಾನು ಕಂಡ ಮನೆಗಳಲ್ಲಿ ಬೆಂಡಿನ ಕೆಲಸ ಹೆಂಗಸರದು. ಗಂಡಸರು ಮುಂದಿನ ಜಗಲಿಯಲ್ಲಿ ಚಾಣ, ಕೊಡತಿ, ಅರ ಹರಡಿಕೊಂಡು ಗಂಧದ ಮುಂದೆ ಕೂತಿರುತ್ತಿದ್ದರು. ಮನೆಗೆ ಬಂದವರು ಅಲ್ಲೇ ನಿಂತು ಬಾಯಿಬಿಟ್ಟುಕೊಂಡು ನೋಡುವುದು, ಹೊಗಳುವುದು, ಮೂಸಿ ನೋಡುವುದು. ಬಾಸಿಂಗಕ್ಕೆ ಬಂದವರು ಒಳಗೆ ಹೋಗಬೇಕಿತ್ತು, ಹಿತ್ತಿಲ ಕಡೆಯ ಕಿಟಕಿಯ ಹತ್ತಿರಕ್ಕೆ. ಅಲ್ಲಿ ಚಾಪೆಯ ಮೇಲೆ ಬೆಂಡಿನ ಸುರುಳಿಗಳ ನಡುವೆ ಕೂತ ಒಬ್ಬ ಅಮ್ಮ. ದೊಡ್ಡಕ್ಕನ ಮದುವೆಗೆ ಹೇಳಲು ಅಪ್ಪಯ್ಯ ಹೋದಾಗ ನಾನೂ ಬಾಲದ ಹಾಗೆ ಹೋಗಿದ್ದೆ. ಅಪ್ಪಯ್ಯ ವೀಳ್ಯದೆಲೆ ಅಡಿಕೆ ಇಟ್ಟು, ದಿನ ಹೇಳಿದರು. ಆಕೆ ದಿನ ಕೇಳಿ ತಲೆಯಾಡಿಸಿ, "ಗಂಡಿನ ಮುಖ ಉದ್ದವೋ ಅಗಲವೋ ಭಟ್ರೇ?" ಎಂದು ಕೇಳಿದರು.

ಅಪ್ಪಯ್ಯ ಯೋಚಿಸಿದರು. ಅಡಿಕೆ ತೋಟ ಎಷ್ಟು, ಗದ್ದೆ ಎಷ್ಟು, ಹುಡುಗನ ಓದು ಎಷ್ಟು ಎಂಬುದಾದರೆ ಅವರಿಗೆ ಬಾಯಿಪಾಠವಿತ್ತು.

"ಅದನ್ನೂ ನೋಡದೆ ಹುಡುಗೀನ ಕೊಡ್ತಿದೀರಾ?" ಎಂದು ಆಕೆ ನಕ್ಕರು. ಅಪ್ಪಯ್ಯನೂ ನಕ್ಕರು, ಸ್ವಲ್ಪ ತಡವಾಗಿ.

ಆಮೇಲೆ ತಿಳಿದದ್ದೇನೆಂದರೆ ಇದು ತಮಾಷೆಯ ಪ್ರಶ್ನೆಯಲ್ಲ, ಕಸುಬಿನದು. ಉದ್ದ ಮುಖಕ್ಕೆ ಎತ್ತರದ ಬಾಸಿಂಗ ಕಟ್ಟಿದರೆ ಮದುಮಗ ಬೆದರುಬೊಂಬೆಯ ಹಾಗೆ ಕಾಣುತ್ತಾನೆ. ಅಗಲ ಮುಖಕ್ಕೆ ಅಗಲದ್ದು ಕಟ್ಟಿದರೆ ಮುಖವೇ ಕಾಣದು. ಹೆಣ್ಣಿಗಾದರೆ ಒಂದು ನೂಲು ಕಳಿಸಬೇಕು, ಈ ಕಣತಲೆಯಿಂದ ಆ ಕಣತಲೆಗೆ ಹಿಡಿದು ಎರಡು ಗಂಟು ಹಾಕಿದ್ದು. ದೊಡ್ಡಕ್ಕನ ಹಣೆಗೆ ಅಮ್ಮ ನೂಲು ಹಿಡಿದಾಗ ಮನೆಯಲ್ಲಿ ಮದುವೆಯೆಂಬುದು ನನಗೆ ಮೊದಲ ಸಲ ನಿಜವೆನಿಸಿತು. ಚಪ್ಪರ ಹಾಕಿರಲಿಲ್ಲ, ಸೀರೆ ಬಂದಿರಲಿಲ್ಲ. ಎರಡು ಗಂಟಿನ ಆ ನೂಲನ್ನು ಕಾಗದದಲ್ಲಿ ಸುತ್ತಿ ಅಪ್ಪಯ್ಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಬಾಸಿಂಗಗಳೆಲ್ಲ ಒಂದೇ ಥರ ಇರುತ್ತಿರಲಿಲ್ಲ ಎಂಬುದನ್ನು ಈಗ ಯಾರಿಗೆ ಹೇಳುವುದು. ನಮ್ಮ ಹವ್ಯಕರ ಮನೆಗೆ ಬರುತ್ತಿದ್ದ ಬಾಸಿಂಗ ಬೇರೆ, ದೀವರ ಮನೆಯದು ಬೇರೆ, ಹೊಸನಗರ ತೀರ್ಥಹಳ್ಳಿ ಕಡೆಯ ಗೌಡರ ಮನೆಯದು ಬೇರೆ. ಯಾವ ಮನೆ, ಯಾವ ಸೀಮೆ ಎಂದು ಕೇಳಿ ತಿಳಿದರೆ ಸಾಕು, ಹೂವೆಷ್ಟು, ಬಣ್ಣ ಯಾವುದು, ನಡುವೆ ಕೂರಬೇಕಾದ್ದೇನು ಎಂಬುದು ಮಾಡುವವರ ಬೆರಳಿಗೆ ಗೊತ್ತಿತ್ತು. ಜಾತಿಗಳ ಗೋಡೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಇದೂ ಸಾಕ್ಷಿ, ಅದನ್ನು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಆದರೆ ಅಷ್ಟೂ ಗೋಡೆಗಳ ಒಳಗಿನ ಗುಟ್ಟು ಬಲ್ಲವರು ಒಬ್ಬರಿದ್ದರು, ಅವರು ಯಾವ ಗೋಡೆಯ ಒಳಗಿನವರೂ ಆಗಿರಲಿಲ್ಲ. ಯಾರ ಮನೆ ಹುಡುಗಿಗೆ ಎಲ್ಲಿ ಸಂಬಂಧ ಕುದುರಿದೆ, ಯಾರದು ತಪ್ಪಿತು, ಯಾರದು ಆತುರದ ಮದುವೆ ಎಂಬ ಸುದ್ದಿ ಅಂಚೆಗಿಂತ ಮೊದಲು ಗುಡಿಗಾರರ ಹಿತ್ತಿಲ ಕಿಟಕಿಗೆ ಮುಟ್ಟುತ್ತಿತ್ತು. ಮುಟ್ಟಿದ್ದು ಅಲ್ಲೇ ಉಳಿಯುತ್ತಿತ್ತು ಕೂಡ.

ಮದುವೆ ಮುಗಿದ ಮೇಲೆ ಬಾಸಿಂಗವನ್ನು ಎಸೆಯುವಂತಿಲ್ಲ. ನಮ್ಮ ಮನೆಯಲ್ಲಿ ದೇವರ ಕೋಣೆಯ ಹೊರಗೋಡೆಯ ಗಿಣಿಗೂಟಕ್ಕೆ ಜೋಡಿ ಬಾಸಿಂಗ ತೂಗಿಹಾಕುತ್ತಿದ್ದರು. ಅಪ್ಪಯ್ಯ ಅಮ್ಮನದು, ಅದರ ಹಿಂದೆ ಅಜ್ಜ ಅಜ್ಜಿಯದು, ಒಲೆಯ ಹೊಗೆಗೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಬೆಂಡಿಗೆ ಜಿರಲೆಯ ಕಾಟ, ಇಲಿಯ ಕಾಟ. ಹೂವೊಂದೊಂದೇ ಉದುರಿ ರಟ್ಟು ಮಾತ್ರ ಉಳಿಯುತ್ತಿತ್ತು. ಉಳಿಯಲೆಂದು ಮಾಡಿದ್ದೂ ಅಲ್ಲ. ಗಂಧದ ಗಣಪತಿ ನೂರು ವರ್ಷ ಗಾಜಿನ ಕಪಾಟಿನಲ್ಲಿ ಕೂತಿರಬಲ್ಲ. ಬಾಸಿಂಗದ ಆಯುಷ್ಯ ಒಂದು ಮುಹೂರ್ತ, ಹೆಚ್ಚೆಂದರೆ ಒಂದು ಸಂಸಾರ.

ಇಲ್ಲಿಯೇ ನನ್ನ ತಕರಾರಿರುವುದು. ಒಂದೇ ಮನೆ, ಒಂದೇ ವಂಶದ ಕೈ. ಜಗಲಿಯಲ್ಲಿ ಕೆತ್ತಿದ್ದು ಕಲೆಯಾಯಿತು. ಅದಕ್ಕೆ ಪ್ರಶಸ್ತಿ ಬಂತು, ತರಬೇತಿ ಕೇಂದ್ರ ಬಂತು, ಸರ್ಕಾರದ ಮಾರಾಟ ಮಳಿಗೆ ಬಂತು, ಶಾಲೆಯ ಪಾಠದಲ್ಲಿ ಒಂದು ಸಾಲೂ ಬಂತು. ಹಿತ್ತಿಲ ಕಿಟಕಿಯಲ್ಲಿ ಮಾಡಿದ್ದು ಮದುವೆ ಸಾಮಾನಾಗಿಯೇ ಉಳಿಯಿತು. ಗಂಧ ದುಬಾರಿ, ಬೆಂಡು ಪುಕ್ಕಟೆ. ಗಂಧ ಉಳಿಯುತ್ತದೆ, ಬೆಂಡು ಉದುರುತ್ತದೆ. ಕೆತ್ತುವವ ಗಂಡಸು, ಕತ್ತರಿಸುವವಳು ಹೆಂಗಸು. ಈ ಮೂರರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತೋ ಓದುಗರೇ ಹೇಳಬೇಕು. ಈಗ ಗಂಧದ ಗತಿಯೂ ಹೇಳಿಕೊಳ್ಳುವಂತಿಲ್ಲ. ಕಾಡಿನ ಗಂಧ ಕಳ್ಳರ ಪಾಲಾಗಿ, ಸಿಗುವ ಮರಕ್ಕೆ ಬೆಂಕಿಯಂಥ ಬೆಲೆಯಾಗಿ, ಚಾಣ ಹಿಡಿದವರು ಶಿವಣಿ ಮರಕ್ಕೆ ಇಳಿದಿದ್ದಾರೆ. ಆದರೂ ಗಂಧ ಅಳಿಯುತ್ತಿದೆ ಎಂದು ಮರುಗುವ ಜನ ಇದ್ದಾರೆ, ವಿಚಾರಗೋಷ್ಠಿಗಳಿವೆ. ಬೆಂಡು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಹೋದದ್ದು ಹೇಗೆ? ಒಂದೇ ಕಾರಣವಲ್ಲ. ಸೊರಬವನ್ನು ಕೆರೆಗಳ ತಾಲ್ಲೂಕು ಎನ್ನುತ್ತಿದ್ದರು. ಆ ಕೆರೆಗಳಲ್ಲಿ ಹೂಳು ತುಂಬಿತು, ಅಂಚು ಒತ್ತುವರಿಯಾಯಿತು, ಉಳಿದ ನೀರನ್ನು ಮೀನು ಸಾಕಲು ಹರಾಜು ಹಾಕಿದರು. ಮೀನಿನ ಗುತ್ತಿಗೆದಾರನಿಗೆ ಬೆಂಡು ಕಳೆ, ಕಂಡಲ್ಲಿ ಕಿತ್ತು ಎಸೆಯುತ್ತಾನೆ. ಅಡಿಕೆಗೆ ಬೆಲೆ ಬಂದು ಜೌಗುಗದ್ದೆಗಳು ಮಣ್ಣು ತುಂಬಿಸಿಕೊಂಡು ತೋಟವಾದವು. ಮದುವೆ ಅಂಗಳದ ಚಪ್ಪರ ಬಿಟ್ಟು ಕಲ್ಯಾಣ ಮಂಟಪಕ್ಕೆ ಹೋಯಿತು. ಮಂಟಪದ ಗುತ್ತಿಗೆಯಲ್ಲೇ ಹೂವು, ಹಾರ, ಬಾಸಿಂಗ ಎಲ್ಲವೂ ಸೇರಿ ಒಂದು ಮೊತ್ತ. ನಗರದಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಡಜನ್ ಲೆಕ್ಕದಲ್ಲಿ ಬರುವ ಥರ್ಮೋಕೋಲಿನ ಬಾಸಿಂಗ ಎಲ್ಲ ಹಣೆಗೂ ಆಗುತ್ತದೆ, ಹಿಂದೆ ಎಲಾಸ್ಟಿಕ್ ಇದೆಯಲ್ಲ. ಉದ್ದ ಮುಖವೋ ಅಗಲ ಮುಖವೋ ಎಂದು ಕೇಳುವವರಿಲ್ಲ.

ಕೊನೆಗೆ ಬಂದವರು ಮೇಕಪ್ಪಿನವರು. ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಬೆಳಗಿನ ಜಾವವೇ ಕಾರಿನಲ್ಲಿ ಬಂದಿಳಿದು, ಮದುಮಗಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಿಕೊಂಡು ತಾಸುಗಟ್ಟಲೆ ಬಣ್ಣ ಹಚ್ಚುತ್ತಾರೆ. ಅಷ್ಟು ಕಷ್ಟಪಟ್ಟು ಹಚ್ಚಿದ ಹಣೆಯ ಮೇಲೆ ಅಡ್ಡಲಾಗಿ ಬಾಸಿಂಗ ಕಟ್ಟಿದರೆ ಅವರಿಗೆ ಸಂಕಟವಾಗದೆ ಇರುತ್ತದೆಯೇ? "ಹೇರ್ ಸ್ಟೈಲ್ ಹಾಳಾಗುತ್ತೆ, ಆಂಟಿ" ಎಂದು ಅವರು ಮೆಲ್ಲಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಪುರೋಹಿತರು ಕಟ್ಟಿ ಎನ್ನುತ್ತಾರೆ, ಫೋಟೋದವನು ಎರಡು ಫೋಟೋ ಹೊಡೆಯುತ್ತಾನೆ, ಧಾರೆ ಮುಗಿಯುವ ಮೊದಲೇ ಬಾಸಿಂಗ ಅಕ್ಷತೆಯ ತಟ್ಟೆಗೆ ಬಂದು ಬಿದ್ದಿರುತ್ತದೆ. ಸಂಜೆಯ ರಿಸೆಪ್ಷನ್ನಿಗೆ ಲೆಹೆಂಗಾ. ಈಚೆಗೆ ಬಾಡಿಗೆಗೆ ತಂದ ಉದ್ದನೆಯ ಗೌನೂ ಬಂದಿದೆ. ಹವ್ಯಕರ ಹುಡುಗಿ ಗೌನು ತೊಟ್ಟು ಕಂಬಳಿಹುಳದಷ್ಟು ನಿಧಾನಕ್ಕೆ ಮೆಟ್ಟಿಲು ಇಳಿಯುವುದನ್ನು ನೋಡಿ ಅಜ್ಜಿಯರು ನಗುತ್ತಾರೆ, ನನಗೆ ನಗು ಬರುವುದಿಲ್ಲ. ಬಾಸಿಂಗವೂ ಒಂದು ಕಾಲದಲ್ಲಿ ಹೊರಗಿನಿಂದ ಬಂದದ್ದೇ ತಾನೆ. ಆದರೆ ಬಾಸಿಂಗದ ಜೊತೆ ಬಾಸಿಂಗ ಮಾಡುವವರೂ ಬಂದು ಇಲ್ಲೇ ಮನೆ ಕಟ್ಟಿದರು, ಇಲ್ಲೇ ಮಕ್ಕಳನ್ನು ಹೆತ್ತರು, ನಮ್ಮ ಮಾತನ್ನಾಡಿದರು. ಗೌನು ಹೊಲಿದವರು ಯಾವ ಊರಲ್ಲಿ ಇದ್ದಾರೋ. ಗೌನು ಮಾತ್ರ ಬಂದಿದೆ.

ಮದುವೆಯ ಆಡಂಬರ ಬೇಡವೆಂದ ಊರುಗಳೂ ನಮ್ಮವೇ. ತೀರ್ಥಹಳ್ಳಿಯ ಕುಪ್ಪಳಿಯಿಂದ ಬಂದ ಕುವೆಂಪು ಮಂತ್ರ ಮಾಂಗಲ್ಯವೆಂಬ ಸರಳ ಮದುವೆಯ ಕ್ರಮ ಕೊಟ್ಟರು, 1966ರಲ್ಲಿ ಅವರ ಮಗ ತೇಜಸ್ವಿಯ ಮದುವೆಯೇ ಹಾಗೆ ನಡೆಯಿತು. ಕಾಗೋಡು ಸತ್ಯಾಗ್ರಹದ ಗಾಳಿ ಸೋಕಿದ ಸಮಾಜವಾದಿಗಳು ಸಾಗರದ ಸುತ್ತ ಹಾರ ಬದಲಾಯಿಸಿ ಮದುವೆಯಾದರು. ಪುರೋಹಿತರ ಜೊತೆಗೆ ಬಾಸಿಂಗವನ್ನೂ ಬಿಟ್ಟರು. ಬೆಂಡಿನ ಕೆಲಸಕ್ಕೆ ಪೆಟ್ಟು ಕೊಟ್ಟವರು ಅವರೇ ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಸರಳ ಮದುವೆಯಾದವರು ಆಗಲೂ ಬೆರಳೆಣಿಕೆಯವರು, ಈಗಲೂ ಅಷ್ಟೇ. ಬೆಂಡನ್ನು ನುಂಗಿದ್ದು ಸರಳತೆಯಲ್ಲ, ಲಕ್ಷಗಟ್ಟಲೆ ಸುರಿದು ಮಾಡುವ ಮದುವೆ. ಅಷ್ಟು ದುಡ್ಡಿನಲ್ಲಿ ಒಂದು ಬಾಸಿಂಗಕ್ಕೆ ಕೊಡುವ ದುಡ್ಡು ಯಾರ ಕಣ್ಣಿಗೂ ಬೀಳಲಿಲ್ಲ.

ಹೆಗ್ಗೋಡಿನಲ್ಲಿ ಕೂತು ಕೈಕಸುಬಿನ ಮಾತಾಡುವವನು ಚರಕವನ್ನು ದಾಟಿ ಮುಂದೆ ಹೋಗಲಾಗದು. ಇಲ್ಲಿ 1949ರಲ್ಲೇ ನೀನಾಸಂ ನಾಟಕ ಸಂಘ ಹುಟ್ಟಿತ್ತು, ಅದರ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಬಂದು ಹಳ್ಳಿಯ ಹೆಸರು ದೂರ ಮುಟ್ಟಿತ್ತು. ಅದಾದ ಮೇಲೆ, ತೊಂಬತ್ತರ ದಶಕದಲ್ಲಿ, ರಂಗ ನಿರ್ದೇಶಕ ಪ್ರಸನ್ನ ಪಕ್ಕದ ಭೀಮನಕೋಣೆಯಲ್ಲಿ ಚರಕವೆಂಬ ಹೆಂಗಸರ ಸಹಕಾರ ಸಂಘವನ್ನು ಕಟ್ಟಲು ನಿಂತರು. ಅವರೂ ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರು. ಮಲೆನಾಡಿನಲ್ಲಿ ಹತ್ತಿ ಬೆಳೆಯುವುದಿಲ್ಲ, ನಮಗೆ ಬಟ್ಟೆಯೆಂದರೆ ಯಾವತ್ತೂ ಬಯಲುಸೀಮೆಯಿಂದ ಬರುವ ಮಾಲು. ಅಂಥಲ್ಲಿ ಮಗ್ಗ ಹೂಡಿ, ಊರ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸಿ, ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟಿಸಿದರು. ಅಂಗಳಕ್ಕೆ ಚೆಲ್ಲಿದರೆ ಕಲೆಯಾಗುತ್ತದೆಂದು ನಾವು ಬೈಯುತ್ತಿದ್ದ ಚೊಗರು ಬೆಂಗಳೂರಿನ ದೇಸಿ ಅಂಗಡಿಯಲ್ಲಿ ಕುರ್ತಾ ಆಗಿ ತೂಗಿತು. ಇದು ಸಣ್ಣ ಸಾಧನೆಯಲ್ಲ. 2020ರ ಕೊರೊನಾ ಹೊತ್ತಿನಲ್ಲಿ ಮಾಲು ಮಾರದೆ ಚರಕವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಹೇಳಿಕೊಂಡಾಗ ಊರಿಗೆ ಊರೇ ಕಳವಳಪಟ್ಟಿತು. ನಾಡಿನ ಪತ್ರಿಕೆಗಳು ಬರೆದವು.

ಆದರೂ ಒಂದು ಮಾತು. ಅಕ್ಟೋಬರಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಬರುವವರ ಮೈಮೇಲೆ ಚರಕದ ಬಟ್ಟೆ ಸಾಲುಸಾಲಾಗಿ ಕಾಣುತ್ತದೆ. ನಮ್ಮ ಮದುವೆಗಳಲ್ಲೂ ನೆಂಟರ ಮೈಮೇಲೆ ಅಲ್ಲಿ ಇಲ್ಲಿ ಕಾಣುತ್ತದೆ. ಹಸೆಮಣೆಯ ಮೇಲೆ ಮಾತ್ರ ನಾನು ಕಂಡಿಲ್ಲ. ಕೈಯಿಂದ ಮಾಡಿದ್ದು ನಮಗೀಗ ವಿಚಾರವಂತರ ಉಡುಪು, ಓದು ಭಾಷಣಗಳಿಗೆ ಒಪ್ಪುವಂಥದು. ಮದುವೆಯಲ್ಲಿ ಮಿಂಚಬೇಕು. ಬೆಂಡಿನ ಬಾಸಿಂಗದಲ್ಲಿ ಕೈಗೆಲಸವೂ ಇತ್ತು, ಮಿಂಚೂ ಇತ್ತು, ಎರಡಕ್ಕೂ ಜಗಳವಿರಲಿಲ್ಲ. ಬೇಗಡೆಯ ಹೊಳಪಿಗೆ ನಾಚಿಕೊಳ್ಳದ ಕೈಕಸುಬು ಅದು. ಚರಕಕ್ಕೆ ಸಿಕ್ಕಿದಂಥ ಹಟದ ಮನುಷ್ಯರೊಬ್ಬರು ಬೆಂಡಿಗೂ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಿಕ್ಕಲಿಲ್ಲ.

ಅಲಂಕಾರ ಗುಡಿಗಾರರ ಕೈಯಲ್ಲಿ ಇನ್ನೂ ಉಳಿದಿರುವುದು ದೇವರ ಕಡೆ. ಶಿರಸಿ ಮಾರಿಕಾಂಬೆಯ ಜಾತ್ರೆಗೆ ಮುನ್ನ ದೇವಿಯ ಮರದ ಮೂರ್ತಿಗೆ ಹೊಸ ಬಣ್ಣ ಹಚ್ಚುವವರು ಗುಡಿಗಾರರು. ಅಲ್ಲಿ ಜಾತ್ರೆಯೆಂದರೆ ದೇವಿಯ ಮದುವೆಯೂ ಹೌದು. ನಮ್ಮ ಸಾಗರದಲ್ಲಂತೂ ಮೂರು ವರ್ಷಕ್ಕೊಮ್ಮೆ ಅಮ್ಮನವರು ತವರುಮನೆಯ ಗುಡಿಯಿಂದ ಗಂಡನ ಮನೆಯ ಗುಡಿಗೆ ಹೊರಡುತ್ತಾರೆ, ಊರೆಲ್ಲ ಮಡಿಲಕ್ಕಿ ಹಿಡಿದು ನಿಲ್ಲುತ್ತದೆ. ಮಾರಿಕಾಂಬೆಗೆ ಹೇರ್ ಸ್ಟೈಲಿನ ಚಿಂತೆಯಿಲ್ಲ, ಪುಣ್ಯ.

ಬಂಗಾಳದವರು ಬೆಂಡನ್ನು ನಮ್ಮಷ್ಟು ಬೇಗ ಕೈಬಿಡಲಿಲ್ಲ. ಅಲ್ಲಿ ಅದಕ್ಕೆ ಶೋಲಾ ಎನ್ನುತ್ತಾರೆ, ಮಾಡುವವರು ಮಾಲಾಕಾರರು. ಮದುಮಗನ ತಲೆಯ ಮೇಲಿನ ಚೂಪು ಟೋಪರ್, ದುರ್ಗೆಯ ಬಿಳಿ ಅಲಂಕಾರ ಎಲ್ಲವೂ ಶೋಲಾ. ಕೋಲ್ಕತ್ತದ ಕುಮಾರಟುಲಿಯ ಮೂರ್ತಿಗಳ ಜೊತೆ ಅದೂ ಹಡಗು ವಿಮಾನ ಹತ್ತಿ ಹೊರದೇಶದ ಪೂಜೆಗಳಿಗೆ ಹೋಗುತ್ತದೆ. ದುರ್ಗೆಯ ಹಬ್ಬ ವರ್ಷವರ್ಷವೂ ಬರುತ್ತದೆ, ಕೈಗೆ ಕೆಲಸ ತಪ್ಪುವುದಿಲ್ಲ. ನಮ್ಮ ಬಾಸಿಂಗಕ್ಕೆ ಮದುವೆಯ ಹೊರತು ಬೇರೆ ಗತಿಯಿರಲಿಲ್ಲ. ಇನ್ನೂ ಒಂದು ವಿಚಿತ್ರವಿದೆ. ಅಮೆರಿಕದಲ್ಲಿ ಈಗ ಮದುಮಗಳ ಕೈಯಲ್ಲಿ ಹಿಡಿಯುವ ಹೂಗುಚ್ಛಕ್ಕೆ ಬಾಡದ ಹೂವೆಂದು ಸೋಲಾ ಹೂವನ್ನೇ ಕೊಳ್ಳುತ್ತಾರಂತೆ. ನಿಜವೇ. ಥಾಯ್ಲೆಂಡಿನಂಥ ಕಡೆಗಳಲ್ಲಿ ಅದೇ ಜಾತಿಯ ಗಿಡದ ತಿರುಳು ಸೀಳಿ, ಹಾಳೆ ಹೊರಳಿಸಿ ಗುಲಾಬಿ ಮಾಡಿ ಪೆಟ್ಟಿಗೆ ಕಟ್ಟಿ ಕಳಿಸುತ್ತಾರೆ. ಬಿಳಿಯ ಗೌನು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತ ಹುಡುಗಿಯ ಕೈಯಲ್ಲಿ ಬೆಂಡಿನ ಹೂವು!

ಸಾಗರದ ಗುಡಿಗಾರರ ಓಣಿಗೆ ಈಚೆಗೆ ಹೋಗಿದ್ದೆ. ತಂಗಿಯ ಮಗಳು ಗೋಡೆಯ ಮೇಲಿನ ಹಳೆಯ ಕಪ್ಪು ಬಿಳುಪು ಫೋಟೋ ನೋಡಿ, ತನಗೂ ಅಂಥದೇ ಬಾಸಿಂಗ ಬೇಕೆಂದು ಹಟ ಹಿಡಿದಿದ್ದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವಳು, ಎಲ್ಲೂ ಸಿಗದ್ದೇ ಅವಳಿಗೆ ಬೇಕು. ವಿಚಾರಿಸಿದಾಗ ಒಂದು ಮನೆಯಲ್ಲಿ ವಯಸ್ಸಾದ ಒಬ್ಬಾಕೆಗೆ ಕೆಲಸ ಇನ್ನೂ ಕೈಯಲ್ಲಿದೆ ಎಂದು ತಿಳಿಯಿತು. ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮ ಅತ್ತೇರ ಕೈಯ್ದು" ಎಂದರು. ಹೇಗೆ ಗೊತ್ತಾಯಿತೆಂದು ಕೇಳಿದರೆ, ಮೊಗ್ಗಿನ ಸಾಲು ಮುಗಿಯುವ ಜಾಗವನ್ನು ಬೆರಳಿಟ್ಟು ತೋರಿಸಿದರು. ನನಗೆ ಏನೂ ಕಾಣಲಿಲ್ಲ.

ಮಾಡಿಕೊಡುತ್ತೀರಾ ಎಂದೆ. ಬೆಂಡು ತಂದುಕೊಟ್ಟರೆ ಮಾಡುತ್ತೇನೆ ಎಂದರು. ಕೆರೆಗಿಳಿಯುವ ಹುಡುಗರು ಈಗ ಇಲ್ಲ, ಇದ್ದ ಕೆರೆಯಲ್ಲಿ ಬೆಂಡಿಲ್ಲ, ಹಾನಗಲ್ಲಿನ ಕಡೆ ಎಲ್ಲಿಯಾದರೂ ಸಿಗಬಹುದೇನೋ, ಆದರೆ ಕೊಯ್ಯುವ ಕಾಲವೂ ಮೀರಿದೆ. ಬೇಕಾದರೆ ಥರ್ಮೋಕೋಲನ್ನೇ ಆದಷ್ಟು ತೆಳ್ಳಗೆ ಸೀಳಿ ನೋಡುತ್ತೇನೆ, ಮೊಗ್ಗು ಬರುವುದಿಲ್ಲ, ಸೇವಂತಿಗೆ ಬರಬಹುದು ಎಂದರು. ಹೊರಡುವಾಗ ಹಣೆಯ ಅಳತೆಗೆ ನೂಲು ತರಬೇಕಿತ್ತಲ್ಲವೇ ಎಂದು ನಾನೇ ನೆನಪಿಸಿದೆ. "ಫೋನಲ್ಲಿ ಫೋಟೋ ಕಳ್ಸಿ, ಸಾಕು" ಎಂದು ಸೊಸೆಯ ನಂಬರು ಬರೆಸಿದರು. ಮುಂಗಡವೆಂದು ಕೊಟ್ಟ ನೋಟನ್ನು ಹಿಂದಕ್ಕೆ ತಳ್ಳಿ, ಬೆಂಡಿನದಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ ಎಂದರು.